ಅಪ್ಪ-ಅಮ್ಮನಿಗೆ ಶುಗರ್ ಇದ್ದು ಹಲ್ಲು ಬೇಗ ಹೋಗಿದ್ದವು. ಶುಗರ್ ಇರುವ ನನಗೂ ವಸಡಲ್ಲಿ ರಕ್ತ ಬರುತ್ತಿದೆ. ಜೀನ್ ಟೆಸ್ಟ್ ಮಾಡಿಸಬೇಕಾ?

ಬೇಡ. ವಸಡಿನ ಚಿಕಿತ್ಸೆಯೇ ನನ್ನ ಕೆಲಸ, ಆದ್ದರಿಂದ ಖಚಿತವಾಗಿ ಹೇಳುತ್ತೇನೆ: ಆ ರಿಪೋರ್ಟ್ ಏನೇ ಬರಲಿ, ನೀವು ಮಾಡಬೇಕಾದದ್ದು ಬದಲಾಗುವುದಿಲ್ಲ.

ವಂಶದ ಪಾಲು ಇಲ್ಲವೆಂದಲ್ಲ. 2000ದಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನವೊಂದು, ಹಲ್ಲು ಹಿಡಿದಿರುವ ಮೂಳೆ ಕರಗುವ ಪೆರಿಯೊಡಾಂಟೈಟಿಸ್‌ನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಸುಮಾರು ಅರ್ಧಕ್ಕೆ ವಂಶವಾಹಿಗಳೇ ಕಾರಣ ಎಂದಿತು. ಆದರೆ ಅದೇ ಅಧ್ಯಯನದಲ್ಲಿ ಬರೀ ವಸಡಿನ ಉರಿಯೂತಕ್ಕೆ ವಂಶದ ನಂಟು ಕಾಣಲಿಲ್ಲ. 1997ರಲ್ಲಿ, ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಜೀನ್‌ನ ಕೆಲವು ರೂಪಗಳಿಗೂ ತೀವ್ರ ವಸಡು ರೋಗಕ್ಕೂ ಸಂಬಂಧವಿದೆ ಎಂಬ ವರದಿ ಬಂತು, ಅದರ ಮೇಲೆ ಟೆಸ್ಟೂ ಬಂತು. ಬೇರೆ ಬೇರೆ ಜನರಲ್ಲಿ ನೋಡಿದಾಗ ಫಲಿತಾಂಶ ಒಂದೇ ಥರ ಬರಲಿಲ್ಲ.

ನಿಮ್ಮ ವಿಷಯದಲ್ಲಿ ಹೆಚ್ಚು ತೂಕದ್ದು ಶುಗರ್. ಅದು ಏರಿದಾಗ ಪ್ರೋಟೀನ್‌ಗಳಿಗೆ ಸಕ್ಕರೆ ಅಂಟಿಕೊಂಡು ಉರಿಯೂತ ಆರದಂತೆ ಮಾಡುತ್ತದೆ, ಬಿಳಿ ರಕ್ತಕಣಗಳ ಕೆಲಸ ಕೆಡುತ್ತದೆ, ಮೂಳೆ ಕರಗಿಸುವ ಕಣಗಳು ಚುರುಕಾಗುತ್ತವೆ. ವಸಡು ರೋಗದ 2018ರ ವರ್ಗೀಕರಣದಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7% ಅಥವಾ ಹೆಚ್ಚಿದ್ದರೆ ರೋಗವನ್ನು ಅತಿ ವೇಗದ ಗುಂಪಿಗೆ ಸೇರಿಸುತ್ತೇವೆ. ಜೀನ್ ಟೆಸ್ಟಿಗೆ ಅಲ್ಲಿ ಜಾಗವಿಲ್ಲ.

ಹಲ್ಲು ಕಳೆಯುವ ತಪ್ಪು ಒಂದಿದೆ. ರಕ್ತ ಬಂದ ಜಾಗವನ್ನು, ನೋಯದಿರಲಿ ಎಂದು, ಬ್ರಷ್ ತಾಗಿಸದೆ ಬಿಡುವುದು. ಬ್ರಷ್ ಗೀರಿ ರಕ್ತ ಬಂತು ಎಂದುಕೊಳ್ಳುತ್ತಾರೆ. ನಿಜವಾಗಿ, ಪ್ಲಾಕ್ (ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾ ಪದರ) ಕೂತಲ್ಲಿ ವಸಡಿನ ಒಳಪದರ ತೆಳುವಾಗಿ ಹುಣ್ಣಾಗಿರುತ್ತದೆ, ಮುಟ್ಟಿದರೆ ಸಾಕು ಒಸರುತ್ತದೆ. ಆ ಜಾಗ ಬಿಟ್ಟಷ್ಟೂ ಪ್ಲಾಕ್ ದಪ್ಪವಾಗಿ, ಗಟ್ಟಿಯಾಗಿ ಕಿಟ್ಟವಾಗುತ್ತದೆ. ಕಿಟ್ಟದ ಒರಟು ಮೈಮೇಲೆ ಮತ್ತೆ ಪ್ಲಾಕ್. ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಆಳವಾಗುತ್ತದೆ, ಗಾಳಿ ಬೇಡದ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತವೆ, ಬೇರಿನ ಪಕ್ಕದ ಮೂಳೆ ಇಳಿಯುತ್ತದೆ. ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಹಲ್ಲು ಅಲುಗಿದಾಗ ಮನೆಯವರು 'ನಮ್ಮ ವಂಶವೇ ಹೀಗೆ' ಎನ್ನುತ್ತಾರೆ. ಹೋದ ಮೂಳೆ ಬಹುಪಾಲು ಮರಳುವುದಿಲ್ಲ. ಸಿಗರೇಟು ಸೇದುವವರಲ್ಲಿ ರಕ್ತವೂ ಕಡಿಮೆ ಬರುತ್ತದೆ, ಆ ಎಚ್ಚರಿಕೆಯೂ ಸಿಗದು.

ಹಾಗಾಗಿ ರಕ್ತ ಬರುವಲ್ಲೇ ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು ಸಣ್ಣಗೆ ಆಡಿಸಿ. ಹಲ್ಲಿನ ಸಂದಿಗೆ ಇಂಟರ್‌ಡೆಂಟಲ್ ಬ್ರಷ್ ಬೇಕು. ಎಳೆಗಳು ಎರಡೂ ಬದಿಗೆ ತಾಗಬೇಕು, ಒಳಗಿನ ತಂತಿ ಹಲ್ಲಿಗೆ ಉಜ್ಜಬಾರದು. ಒಂದೇ ಬಾಯಿಗೆ ಎರಡು ಮೂರು ಅಳತೆ ಬೇಕಾಗುವುದುಂಟು. ಎರಡು ವಾರವಾದರೂ ರಕ್ತ ಇಳಿಯದಿದ್ದರೆ ಬ್ರಷ್ ಮುಟ್ಟದ ಆಳದಲ್ಲಿ ಕಿಟ್ಟವಿದೆ ಎಂದೇ ತಿಳಿಯಿರಿ.

ದಂತವೈದ್ಯರ ಬಳಿ ಹೋಗುವುದನ್ನು ಅಲ್ಲಿಯವರೆಗೆ ಮುಂದೂಡಬೇಡಿ. 'ಪ್ರತಿ ಹಲ್ಲಿಗೂ ಆರು ಕಡೆ ವಸಡಿನ ಸಂದಿನ ಆಳ ಅಳೆದು ಬರೆದುಕೊಡಿ' ಎಂದು ಕೇಳಿ. 3 ಮಿಲಿಮೀಟರ್‌ವರೆಗೆ ಸಾಮಾನ್ಯ. 4 ಅಥವಾ ಹೆಚ್ಚಿದ್ದು ರಕ್ತವೂ ಬಂದರೆ ಎಕ್ಸ್‌ರೇ, ಆಮೇಲೆ ಮರಗಟ್ಟಿಸಿ ಬೇರಿನವರೆಗೆ ಸ್ವಚ್ಛಮಾಡುವುದು. ಸುಮಾರು ಮೂರು ತಿಂಗಳಿಗೆ ಮತ್ತೆ ಅಳೆಯಬೇಕು, ಆಗಲೂ 6 ಮಿಲಿಮೀಟರ್ ಅಥವಾ ಹೆಚ್ಚು ಉಳಿದಲ್ಲಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಸ್ವಚ್ಛಮಾಡಿದ ಮೇಲೆ ಹಲ್ಲು ಸಡಿಲವೆನಿಸಿದರೆ ಗಾಬರಿಬೇಡ, ಊತ ಇಳಿದು ಕಿಟ್ಟ ಹೋದದ್ದರಿಂದ ಹಾಗನಿಸುತ್ತದೆ. ಎಚ್‌ಬಿಎ1ಸಿ ಕೂಡ ಈ ಚಿಕಿತ್ಸೆಯ ನಂತರ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.4ರಷ್ಟು ಇಳಿಯುತ್ತದೆ. ಅದನ್ನು ನಂಬಿ ಮಾತ್ರೆ ಬಿಡಬೇಡಿ.

ಬಿಪಿಗೆ ಆಮ್ಲೋಡಿಪಿನ್ ನುಂಗುತ್ತಿದ್ದರೆ ತಪ್ಪದೆ ಹೇಳಿ, ಅದರಿಂದಲೂ ವಸಡು ಊದಬಹುದು. ಚಿಕಿತ್ಸೆಯ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ: ಎಂದಿನಂತೆ ಊಟ, ಎಂದಿನಂತೆ ಮಾತ್ರೆ. ಮಾತ್ರೆ ನುಂಗಿ ಊಟ ಬಿಟ್ಟರೆ ಕುರ್ಚಿಯಲ್ಲೇ ಶುಗರ್ ಕುಸಿಯಬಹುದು.