ಗಿಡ್ಡ ಕಾರು ಬೇರೆ, ಹಗುರ ಕಾರು ಬೇರೆ

ಪತ್ರ: ಅಮೆರಿಕದವರಿಗೆ ದೊಡ್ಡ ಗಾಡಿಯೇ ಬೇಕು. 2008ರಲ್ಲಿ ಅಲ್ಲಿಗೆ ಹೋದ ಎರಡು ಸೀಟಿನ ಪುಟ್ಟ ಕಾರು ಸ್ಮಾರ್ಟ್ ಫೋರ್‌ಟೂ ಮಕಾಡೆ ಮಲಗಿದ್ದೇ ಸಾಕ್ಷಿ. ಸಣ್ಣ ಕಾರಿನ ಪರ ನಿಮ್ಮ ವಕಾಲತ್ತು ಯಾಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಸ್ಮಾರ್ಟ್ ಸೋತದ್ದು ನಿಜ ಸ್ವಾಮಿ. ಮೊದಲ ವರ್ಷ 24 ಸಾವಿರಕ್ಕೂ ಹೆಚ್ಚು ಹೋದದ್ದು, 2010ರಲ್ಲಿ 6 ಸಾವಿರ ಮುಟ್ಟಲಿಲ್ಲ. 2009ರಲ್ಲಿ ಅದನ್ನು ಮರ್ಸಿಡಿಸ್ ಸಿ-ಕ್ಲಾಸ್‌ಗೆ ಎದುರು ಗುದ್ದಿಸಿ ನೋಡಿದಾಗ ಗಾಳಿಗೆ ಹಾರಿ ತಿರುಗಿತು, ಅದನ್ನೂ ಒಪ್ಪೋಣ. ಆದರೆ ಅದು ಮೈಲೇಜ್ ಕಾರು ಎಂದು ನಿಮಗೆ ಹೇಳಿದವರಾರು? ಉದ್ದ 2.7 ಮೀಟರ್, ನಿಲ್ಲಿಸಲು ಸೊಗಸು, ಅಷ್ಟೇ. ಗ್ಯಾಲನ್ನಿಗೆ ಊರೊಳಗೆ 33, ಹೆದ್ದಾರಿಯಲ್ಲಿ 41 ಮೈಲಿ. ಅದೂ ದುಬಾರಿ ಪ್ರೀಮಿಯಂ ಪೆಟ್ರೋಲು ಕುಡಿದು. ಗೇರ್ ಬದಲಾದಾಗಲೆಲ್ಲ ಕೂತವರು ತಲೆದೂಗಬೇಕು.

ಮೈಲೇಜ್ ಬೇಕಿದ್ದರೆ ಜನರಲ್ ಮೋಟಾರ್ಸ್ ಮಾರಿದ ಜಿಯೋ ಮೆಟ್ರೋ ಎಕ್ಸ್‌ಎಫ್‌ಐ ನೋಡಿ, 1990ರ ದಶಕದ ಆರಂಭದ್ದು. ಸ್ಮಾರ್ಟ್‌ಗಿಂತ ಒಂದು ಮೀಟರ್ ಉದ್ದ, ತೂಕದಲ್ಲಿ ಹಗುರ. ಸುಜುಕಿಯ 1 ಲೀಟರ್ ಎಂಜಿನ್, ಮೂರು ಸಿಲಿಂಡರ್, 49 ಅಶ್ವಶಕ್ತಿ. ಚಕ್ರಕ್ಕೆ ಶಕ್ತಿ ದಾಟಿಸುವ ಕೊನೆಯ ಗೇರಿನ (ಫೈನಲ್ ಡ್ರೈವ್) ಅನುಪಾತ ತಗ್ಗಿಸಿದ್ದರಿಂದ ಅದೇ ವೇಗಕ್ಕೆ ಎಂಜಿನ್ ಸುತ್ತು ಕಡಿಮೆ. ಅಂದಿನ ಲೇಬಲ್ಲಿನಲ್ಲಿ ಊರೊಳಗೆ 53, ಹೆದ್ದಾರಿಯಲ್ಲಿ 58 ಮೈಲಿ. ಈಗಿನ ಕಟ್ಟುನಿಟ್ಟಿನ ಲೆಕ್ಕದಲ್ಲೂ 43, 51. ನಮ್ಮ ಮಾರುತಿ 1000, ಎಸ್ಟೀಮ್ ಇದರ ಒಡಹುಟ್ಟುಗಳೇ. 2008ರಲ್ಲಿ ಪೆಟ್ರೋಲು ಗ್ಯಾಲನ್ನಿಗೆ 4 ಡಾಲರ್ ದಾಟಿದಾಗ ಅಮೆರಿಕದವರು ಹುಡುಕಿಕೊಂಡು ಹೋಗಿ ಕೊಂಡದ್ದು ಈ ಹಳೆಯ ಮೆಟ್ರೋಗಳನ್ನೂ ಹೌದು.

ಮೆಟ್ರೋಗೊಂದು ಖಾಯಿಲೆ ಇದೆ. ಸುಟ್ಟ ಹೊಗೆಯ ಒಂದು ಪಾಲನ್ನು ಸಿಲಿಂಡರಿಗೆ ಮರಳಿಸಿ ಉರಿಯ ಕಾವು ತಗ್ಗಿಸುವ ಇಜಿಆರ್ ದಾರಿ ಮಸಿ ಕಟ್ಟುತ್ತದೆ. ಕಾವು ಏರಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಮೂರರಲ್ಲಿ ಒಂದು ಸಿಲಿಂಡರ್ ಸತ್ತರೆ ಏರು ಹತ್ತುವುದುಂಟೇ? ಅದಕ್ಕೇ ಬಲ್ಲವರು ಕೊಳ್ಳುವ ಮುನ್ನ ಮೂರೂ ಪ್ಲಗ್ ಕಳಚಿ, ಗಾಳಿ ಬಿಡುವ ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಿಹಿಡಿಯುತ್ತದೆ ಎಂಬ ಕಂಪ್ರೆಷನ್ ಅಳೆಯುತ್ತಾರೆ. ಒಂದು ಮಾತ್ರ ತೀರ ಕೆಳಗಿದ್ದರೆ ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳತೆ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ಬಹುಪಾಲು ವಾಲ್ವೇ.

ಇನ್ನು 'ಅವರಿಗೆ ದೊಡ್ಡದೇ ಬೇಕು' ಎಂಬ ನಿಮ್ಮ ಮಾತು. 2011ರ ಮಾದರಿಗಳಿಂದ ಅಲ್ಲಿನ ಸರ್ಕಾರ ಕಾರುಗಳ ಮೈಲೇಜಿನ ಗುರಿಯನ್ನು ನಾಲ್ಕು ಚಕ್ರಗಳ ನಡುವಿನ ವಿಸ್ತೀರ್ಣಕ್ಕೆ ಕಟ್ಟಿತು. ಗಾಡಿ ಹಿಗ್ಗಿದಷ್ಟೂ ಗುರಿ ಸಡಿಲ, ಟ್ರಕ್ ಎಂದು ಲೆಕ್ಕಕ್ಕೆ ಬಂದರೆ ಇನ್ನೂ ಸಡಿಲ. ಹೀಗಿರುವಾಗ ಚಿಕ್ಕದು ಮಾಡುವ ಉಸಾಬರಿ ಕಂಪನಿಗೆ ಯಾಕೆ? ಲಾಭವೂ ದೊಡ್ಡದರಲ್ಲೇ. ಸಣ್ಣ ಕಾರುಗಳಾದ ಹೋಂಡಾ ಫಿಟ್, ಟೊಯೋಟಾ ಯಾರಿಸ್ 2020ಕ್ಕೆ ಅಲ್ಲಿಂದ ಹೋದವು, ಷೆವರ್ಲೆ ಸ್ಪಾರ್ಕ್ 2022ಕ್ಕೆ. ಹೆದ್ದಾರಿಯಲ್ಲಿ 43 ಮೈಲಿ ಕೊಡುತ್ತಿದ್ದ ಮೂರು ಸಿಲಿಂಡರಿನ ಮಿತ್ಸುಬಿಶಿ ಮಿರಾಜ್ 2024ರ ಮಾದರಿಗೆ ನಿಂತಿತು. ಆಸೆ ಇರುವವರು ಈಗ ಮೂವತ್ತು ವರ್ಷದ ಮೆಟ್ರೋ ಹಿಡಿದು, ತಂತಿಯಿಂದ ಇಜಿಆರ್ ಮಸಿ ಕೆರೆಯುತ್ತ ಕೂತಿದ್ದಾರೆ.

– ಸಂ.