ಸೋಫಿ ಸ್ವಾರ್ಥಿ ಅಂತ ನನಗನ್ನಿಸಲ್ಲ

ನೋವಾ ಬಾಂಬಾಕ್ ಅವರ 'ಫ್ರಾನ್ಸಿಸ್ ಹಾ' (2012) ಸಿನಿಮಾ ನೋಡಿ, ಸೋಫಿ ತನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿ ಫ್ರಾನ್ಸಿಸಳ ಕೈಬಿಟ್ಟಳಲ್ಲವೇ ಅಂತ ಕೇಳಿದ್ದೀರಿ. ಸೋಫಿಯ ಜೊತೆ ಇರಬೇಕು ಅಂತಲೇ ಫ್ರಾನ್ಸಿಸ್ ಬಾಯ್‌ಫ್ರೆಂಡ್ ಜೊತೆ ಮನೆ ಮಾಡೋದನ್ನು ಬೇಡ ಅಂದಿರ್ತಾಳೆ. ಅದಾದ ಮೇಲೆ ಸೋಫಿ ಆ ಮನೆ ಬಿಟ್ಟು ನ್ಯೂಯಾರ್ಕಿನದೇ ಟ್ರೈಬೆಕಾ ಬಡಾವಣೆಗೆ ಹೊರಟಾಗ ನೋಡೋರಿಗೂ ಸಿಟ್ಟು ಬರುತ್ತೆ, ನಿಜ.

ಆದರೆ ಅವರ ಹಳೇ ಕಾಲೇಜಿನ ಆ ರಾತ್ರಿಯನ್ನು ಇನ್ನೊಮ್ಮೆ ನೋಡಿ. ನಿಶ್ಚಿತಾರ್ಥ, ಟೋಕಿಯೊದಲ್ಲಿ ವಾಸ, ಎಲ್ಲವೂ ನೆಟ್ಟಗಿದೆ ಅನ್ನಿಸುವ ಸೋಫಿ ಕುಡಿದ ಮತ್ತಿನಲ್ಲಿ ಫ್ರಾನ್ಸಿಸಳ ಹಾಸ್ಟೆಲ್ ರೂಮಿಗೆ ಬಂದು, ಟೋಕಿಯೊದ ಬದುಕು ತನಗೆ ಹಿಡಿಸಿಲ್ಲ ಅಂತ ತೋಡಿಕೊಳ್ತಾಳೆ. ಬೆಳಗಾಗೋದರೊಳಗೆ ಎದ್ದು ಹೊರಟೇಬಿಡ್ತಾಳೆ. ಫ್ರಾನ್ಸಿಸ್ ಬರಿಗಾಲಲ್ಲೇ ಕಾರಿನ ಹಿಂದೆ ಓಡ್ತಾಳೆ. ಅಂದರೆ ದಾರಿ ತಪ್ಪಿದ್ದು ಇಬ್ಬರಿಗೂ. ಸೋಫಿ ಅದನ್ನು ಮುಚ್ಚಿಟ್ಟುಕೊಂಡಿದ್ದಳು, ಅಷ್ಟೇ. ಗ್ರೇಟಾ ಗರ್ವಿಗ್ ಮಾಡಿದ ಫ್ರಾನ್ಸಿಸ್ ಪಾತ್ರದ ಮೇಲೇ ನಮ್ಮ ಕಣ್ಣಿರುವುದರಿಂದ ಸೋಫಿಯಾಗಿ ಮಿಕಿ ಸಮ್ನರ್ ಮಾಡಿದ ಈ ಸಣ್ಣ, ಕಷ್ಟದ ಪಾತ್ರಕ್ಕೆ ಅನ್ಯಾಯವಾಗುತ್ತೆ.

ಕೊನೆಗೂ ಅವರು ಮತ್ತೆ ಒಂದೇ ಮನೆಯಲ್ಲಿರಲ್ಲ. ಫ್ರಾನ್ಸಿಸ್ ತನ್ನದೇ ಮನೆ ಹಿಡೀತಾಳೆ. ನನಗೆ ತುಂಬಾ ಹಿಡಿಸಿದ್ದು ಆ ಪ್ರಾಮಾಣಿಕತೆಯೇ.

ಕ್ಲಾಡಿಯಾ ವೈಲ್ ಅವರ 'ಗರ್ಲ್‌ಫ್ರೆಂಡ್ಸ್' (1978) ಕೂಡ ಖಂಡಿತ ನೋಡಿ. ಅದೂ ನ್ಯೂಯಾರ್ಕಿನದೇ. ಫೋಟೋಗ್ರಾಫರ್ ಸೂಸನ್‌ಳ ಗೆಳತಿ ಮದುವೆಯಾಗಿ ಮನೆ ಬಿಡೋದರಿಂದಲೇ ಬಿಕ್ಕಟ್ಟು ಶುರುವಾಗುತ್ತೆ.