ನಸುಗುನ್ನಿ ಬೀಜ, ಡಾಕ್ಟರ ಮಾತ್ರೆ ಮತ್ತು ಎಡ-ಬಲದ ಲೆಕ್ಕ

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಅಸಿಮೆಟ್ರಿಕ್ ಸಿಂಥೆಸಿಸ್, ಅಂದರೆ ಅಣುವಿನ ಎಡ-ಬಲ ರೂಪಗಳಲ್ಲಿ ಬೇಕಾದ ಒಂದನ್ನೇ ಲ್ಯಾಬಿನಲ್ಲಿ ಮಾಡುವುದರ ಬಗ್ಗೆ ಬಂದ ಲೇಖನ ಓದಿದೆ. ನಮ್ಮ ತಂದೆಗೆ ಪಾರ್ಕಿನ್ಸನ್ ಕಾಯಿಲೆ. ಡಾಕ್ಟರು ಕೊಟ್ಟ ಮಾತ್ರೆಯಲ್ಲಿ ಇರುವುದು ಎಲ್-ಡೋಪಾ ಅಂತೆ. ಅದೇ ವಸ್ತು ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಇದೆಯಂತೆ. ಬೇಲಿಯಲ್ಲಿ ಸುಮ್ನೆ ಬೆಳೆಯುವುದನ್ನು ಲ್ಯಾಬಿನಲ್ಲಿ ಮಾಡಲು ಇಷ್ಟು ಹಣ, ಇಷ್ಟು ಸಂಶೋಧನೆ ಯಾಕೆ? ಗಿಡದ್ದು ಅಸಲಿ, ಲ್ಯಾಬಿನದು ನಕಲಿ ಅಲ್ವಾ? ಎರಡು ತಿಂಗಳಿಂದ ತಂದೆ ದಿನಾ ಒಂದು ಚಮಚ ಪುಡಿ ತಗೊಳ್ತಿದ್ದಾರೆ. ಮಾತ್ರೆ ಅರ್ಧ ಮಾಡಿದ್ದಾರೆ.’

ನಮಸ್ಕಾರ. ನಿಮ್ಮ ಪತ್ರದ ಕೊನೆಯ ಎರಡು ಸಾಲು ಓದಿ ಗಾಬರಿಯಾಯಿತು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ಕಡಿಮೆ ಮಾಡಬೇಡಿ, ಇದ್ದಕ್ಕಿದ್ದಂತೆ ನಿಲ್ಲಿಸಲೂ ಬೇಡಿ. ಈ ಮಾತ್ರೆ ತಟ್ಟನೆ ನಿಂತರೆ ಕೆಲವರಿಗೆ ಮೈ ಬಿಗಿದುಕೊಂಡು ಜ್ವರ ಏರುತ್ತದೆ. ಅದು ಜೀವಕ್ಕೇ ಅಪಾಯ. ಈ ವಾರವೇ ತಂದೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪುಡಿಯ ವಿಷಯ ಮುಚ್ಚಿಡಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆ ಚೆನ್ನಾಗಿದೆ, ಪೂರ್ತಿ ಉತ್ತರಕ್ಕೆ ಯೋಗ್ಯವಾಗಿದೆ.

ನಸುಗುನ್ನಿ ಎಂದರೆ ನನಗೆ ಮೊದಲು ನೆನಪಾಗುವುದು ತುರಿಕೆ. ಚಿಕ್ಕವನಿದ್ದಾಗ ದನ ಹೊಡೆದುಕೊಂಡು ಬರುವಾಗ ಒಮ್ಮೆ ಅದರ ಕಾಯಿ ತೋಳಿಗೆ ತಾಗಿತ್ತು. ಅಜ್ಜಿ ಸಗಣಿ ಮೆತ್ತಿ ಕೂರಿಸಿದ್ದರು. ಆ ಕಂದು ರೋಮದ ಕಾಯಿಯೊಳಗೆ ಇಂಥ ಔಷಧ ಇದೆ ಎಂದು ಆಗ ಗೊತ್ತಿರಲಿಲ್ಲ. ಆಯುರ್ವೇದದವರಿಗೆ ಗೊತ್ತಿತ್ತು. ಕಪಿಕಚ್ಛು, ಆತ್ಮಗುಪ್ತ ಎಂದೆಲ್ಲ ಹೆಸರಿಟ್ಟು ಬೀಜವನ್ನು ಬಳಸುತ್ತಿದ್ದರು. 1937ರಲ್ಲಿ ಮದ್ರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಈ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿ ತೋರಿಸಿದರು. ಅಂದರೆ ನಿಮಗೆ ಯಾರೋ ಹೇಳಿದ್ದು ಸುಳ್ಳಲ್ಲ. ಸಾಮಾನ್ಯವಾಗಿ 100 ಗ್ರಾಂ ಬೀಜದಲ್ಲಿ 3ರಿಂದ 6 ಗ್ರಾಂ ಎಲ್-ಡೋಪಾ ಇರುತ್ತದೆ. ಒಂದು ಬೀಜಕ್ಕೆ ಅದು ತುಂಬಾ ಜಾಸ್ತಿ.

ಆ ‘ಎಲ್’ ಎನ್ನುವ ಅಕ್ಷರದಲ್ಲೇ ನಿಮ್ಮ ಪ್ರಶ್ನೆಯ ಉತ್ತರ ಇದೆ. ಲೆವೊ, ಅಂದರೆ ಎಡ. ಡೋಪಾ ಅಣುವಿಗೆ ಎರಡು ರೂಪ, ಎಡಗೈ ಬಲಗೈ ಇದ್ದ ಹಾಗೆ. ಅದೇ ಪರಮಾಣುಗಳು, ಅದೇ ಜೋಡಣೆ, ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಒಂದನ್ನು ಹೇಗೆ ತಿರುಗಿಸಿದರೂ ಇನ್ನೊಂದರ ಮೇಲೆ ಸರಿಯಾಗಿ ಕೂರುವುದಿಲ್ಲ. ನಮ್ಮ ಶಂಖಗಳನ್ನು ನೋಡಿ. ಸಾಮಾನ್ಯವಾಗಿ ಸಿಗುವುದೆಲ್ಲ ಎಡಮುರಿ. ಬಲಮುರಿ ಸಿಕ್ಕರೆ ದೇವರ ಮನೆಯಲ್ಲಿಟ್ಟು ಪೂಜೆ ಮಾಡುತ್ತೇವೆ, ಅಷ್ಟು ಅಪರೂಪ. ನಸುಗುನ್ನಿಯೂ ಹಾಗೆಯೇ ಎಡಮುರಿ ಡೋಪಾವನ್ನೇ ಮಾಡುತ್ತದೆ.

ಈ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ. ಸಬ್ಬಸಿಗೆ ಬೀಜದ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ವಸ್ತು. ಸ್ಪಿಯರ್‌ಮಿಂಟ್ ಎನ್ನುವ ಪುದೀನದ ಪರಿಮಳಕ್ಕೂ ಕಾರ್ವೋನೇ ಕಾರಣ. ಒಂದು ಬಲಮುರಿ, ಇನ್ನೊಂದು ಎಡಮುರಿ. ನಮ್ಮ ಮೂಗು ಅವೆರಡನ್ನು ಬೇರೆ ಬೇರೆ ವಾಸನೆ ಎಂದೇ ಗುರುತಿಸುತ್ತದೆ. ಮೂಗಿಗೇ ಇಷ್ಟು ತಿಳಿಯುವುದಾದರೆ ಮಿದುಳಿಗೆ ತಿಳಿಯದೆ ಇರುತ್ತದೆಯೇ?

ಲ್ಯಾಬಿನಲ್ಲಿ ಸಾದಾ ರೀತಿಯಲ್ಲಿ ಡೋಪಾ ಮಾಡಿದರೆ ಎಡ, ಬಲ ಎರಡೂ ಅರ್ಧರ್ಧ ಬರುತ್ತವೆ. ಮೊದಮೊದಲು ರೋಗಿಗಳಿಗೆ ಆ ಮಿಶ್ರಣವನ್ನೇ ಕೊಟ್ಟರು. 1967ರಲ್ಲಿ ಅಮೆರಿಕದ ಡಾಕ್ಟರ್ ಜಾರ್ಜ್ ಕೊಟ್ಜಿಯಾಸ್ ದಿನಕ್ಕೆ 3ರಿಂದ 16 ಗ್ರಾಂವರೆಗೆ ಕೊಟ್ಟು ನೋಡಿದರು. ಕೆಲವರಲ್ಲಿ ಒಳ್ಳೆಯ ಸುಧಾರಣೆ ಕಂಡಿತು. ಆದರೆ ಕೆಲವರ ರಕ್ತದಲ್ಲಿ ಬಿಳಿ ಕಣಗಳು ಕುಸಿದವು. ಆಮೇಲೆ ಎಡ ರೂಪವನ್ನು ಮಾತ್ರ ಕೊಟ್ಟಾಗ ಅರ್ಧ ಪ್ರಮಾಣವೇ ಸಾಕಾಯಿತು, ರಕ್ತದ ತೊಂದರೆಯೂ ಕಾಣಲಿಲ್ಲ. ಬಲ ರೂಪದಿಂದ ಕಾಯಿಲೆಗೆ ಏನೂ ಉಪಯೋಗ ಇರಲಿಲ್ಲ. ರೋಗಿಯ ದೇಹ ಅದನ್ನು ಸುಮ್ಮನೆ ಹೊರಬೇಕಿತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು, ನನಗೆ ಬಹಳ ಪ್ರಿಯವಾದ ಕಥೆ ಇದು. ಡೋಪಾ ಕೆಲಸ ಮಾಡುತ್ತದೆ ಎಂದು ತಿಳಿದದ್ದು ನಮ್ಮ ಇನ್ನೊಂದು ಗಿಡದಿಂದ. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧದ ಬೇರಿನಲ್ಲಿರುವ ವಸ್ತು. ಮೊಲಗಳು ಕಿವಿ ಜೋಲುಬಿಟ್ಟು ಬಿದ್ದುಕೊಂಡವು. ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಈ ದಾರಿಯ ಕೆಲಸಕ್ಕೆ ಅವರಿಗೆ 2000ದಲ್ಲಿ ನೊಬೆಲ್ ಬಂತು. ಇನ್ನು ಆ ರೆಸರ್ಪಿನ್ ಅಣುವಿನಲ್ಲಿ ಎಡವೋ ಬಲವೋ ಎಂಬ ಪ್ರಶ್ನೆ 6 ಕಡೆ ಬರುತ್ತದೆ. ಲೆಕ್ಕ ಹಾಕಿದರೆ ಒಟ್ಟು 64 ರೂಪಗಳು. ಅದರಲ್ಲಿ ಸರ್ಪಗಂಧದ ಬೇರಿನಲ್ಲಿರುವುದು ಒಂದೇ ಒಂದು. ಮಣ್ಣಿನೊಳಗೆ ಸದ್ದಿಲ್ಲದೆ ಒಂದು ಬೇರು ಅದನ್ನು ತಪ್ಪಿಲ್ಲದೆ ಮಾಡುತ್ತಿರುತ್ತದೆ. ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಎರಡೂ ರೂಪ ಬೆರೆತಿದ್ದರೆ ಬೇರ್ಪಡಿಸುವ ದಾರಿಗಳಿವೆ. ಆದರೆ ಅರ್ಧ ಮಾಲು ಬೇಡದ್ದಾಗುತ್ತದೆ, ಇಲ್ಲವೇ ಅದನ್ನು ಮತ್ತೆ ಮೊದಲಿನಿಂದ ಹದ ಮಾಡಬೇಕು. ಬೇಕಾದ ರೂಪವನ್ನೇ ನೇರವಾಗಿ ಮಾಡುವುದು ಹೇಗೆ? ಆ ವಿದ್ಯೆಯೇ ಅಸಿಮೆಟ್ರಿಕ್ ಸಿಂಥೆಸಿಸ್.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಮೊನ್ಸಾಂಟೊ ಕಂಪನಿಯಲ್ಲಿ, ವಿಲಿಯಂ ನೋಲ್ಸ್ ಎಂಬ ರಸಾಯನ ವಿಜ್ಞಾನಿ ಇದರ ಹಿಂದೆ ಬಿದ್ದರು. ಅವರ ಕೈಯಲ್ಲಿದ್ದದ್ದು ಒಂದು ಚಪ್ಪಟೆ ಅಣು. ಡೋಪಾದತ್ತ ಹೋಗಲು ಅದಕ್ಕೆ ಹೈಡ್ರೋಜನ್ ಸೇರಿಸಬೇಕು. ಕಾವಲಿಯ ಮೇಲಿನ ರೊಟ್ಟಿಯ ಹಾಗೆ ಅದಕ್ಕೆ ಎರಡು ಮುಖ. ಹೈಡ್ರೋಜನ್ ಒಂದು ಮುಖದಿಂದ ಬಂದು ಕೂತರೆ ಎಡ ರೂಪ, ಇನ್ನೊಂದು ಮುಖದಿಂದ ಕೂತರೆ ಬಲ ರೂಪ. ಕ್ರಿಯೆಯನ್ನು ಚುರುಕುಗೊಳಿಸುವ ಸಾದಾ ಲೋಹದ ಕ್ಯಾಟಲಿಸ್ಟ್‌ಗೆ ಎರಡು ಮುಖವೂ ಒಂದೇ. ನೋಲ್ಸ್ ರೋಡಿಯಂ ಲೋಹಕ್ಕೆ ಫಾಸ್ಫೀನ್ ಎಂಬ, ರಂಜಕವಿರುವ ಒಂದೇ ಕೈಯ ಅಣುವನ್ನು ಜೊತೆಗೂಡಿಸಿದರು. ಬಲಗೈ ಚಾಚಿದವರಿಗೆ ಬಲಗೈ ಕೊಟ್ಟರೆ ಮಾತ್ರ ಕೈಕುಲುಕುವುದು ಸರಿಯಾಗಿ ಕೂರುತ್ತದೆ, ಅಲ್ವಾ? ಇದೂ ಅದೇ ಉಪಾಯ.

1968ರ ಮೊದಲ ಫಲ ಬಹಳ ಸಣ್ಣದು. ಪರೀಕ್ಷೆಗೆ ತೆಗೆದುಕೊಂಡ ವಸ್ತುವಿನಲ್ಲಿ 100 ಅಣುವಿಗೆ ಸುಮಾರು 57 ಒಂದು ಕೈ, 43 ಇನ್ನೊಂದು ಕೈ. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರೇನೋ. ಅವರ ತಂಡ ಫಾಸ್ಫೀನಿನ ಆಕಾರ ಬದಲಿಸುತ್ತ ಹೋಯಿತು. ಕೊನೆಗೆ ಡಿಪ್ಯಾಂಪ್ ಎಂಬ ಒಂದನ್ನು ಬಳಸಿದಾಗ 100ಕ್ಕೆ ಸುಮಾರು 97 ಅಣುಗಳು ಬೇಕಾದ ಕೈಯವೇ ಬಂದವು. ಉಳಿದ ಸ್ವಲ್ಪವನ್ನು ಹರಳುಗಟ್ಟಿಸಿ ತೆಗೆದುಹಾಕಬಹುದಿತ್ತು. 1970ರ ದಶಕದಲ್ಲಿ ಈ ದಾರಿಯಲ್ಲಿ ಎಲ್-ಡೋಪಾ ಕಾರ್ಖಾನೆಯಲ್ಲೇ ತಯಾರಾಗತೊಡಗಿತು. ಶುರು ಮಾಡುತ್ತಿದ್ದದ್ದು ವೆನಿಲಿನ್‌ನಿಂದ, ಮಲೆನಾಡಿನವರು ಒಂದು ಕಾಲದಲ್ಲಿ ಆಸೆಪಟ್ಟು ಬೆಳೆದ ವೆನಿಲಾದ ಪರಿಮಳ ಇರುವುದೂ ಅದರಲ್ಲೇ. 2001ರಲ್ಲಿ ನೋಲ್ಸ್ ಅವರಿಗೆ ನೊಬೆಲ್ ಬಂತು, ಜಪಾನಿನ ನೊಯೋರಿ ಮತ್ತು ಅಮೆರಿಕದ ಶಾರ್ಪ್‌ಲೆಸ್ ಜೊತೆಗೆ.

ಗಿಡದ್ದು ಅಸಲಿ, ಲ್ಯಾಬಿನದು ನಕಲಿ ಎಂದು ಕೇಳಿದಿರಿ. ಅಣುವಿಗೆ ತವರಿನ ಗುರುತು ಇರುವುದಿಲ್ಲ. ಬೀಜದಿಂದ ಶುದ್ಧ ಮಾಡಿದ ಎಲ್-ಡೋಪಾ ಮತ್ತು ಕಾರ್ಖಾನೆಯಲ್ಲಿ ಸರಿಯಾಗಿ ಮಾಡಿದ ಎಲ್-ಡೋಪಾ ಎರಡೂ ಒಂದೇ. ನಿಮ್ಮ ತಂದೆಯವರ ಮಿದುಳಿಗೆ ಅವುಗಳ ನಡುವೆ ಭೇದ ತಿಳಿಯುವುದಿಲ್ಲ. ಭೇದ ಇರುವುದು ಪುಡಿ ಮತ್ತು ಮಾತ್ರೆಯ ನಡುವೆ.

ಮೊದಲನೆಯದು ಅಳತೆ. 100 ಗ್ರಾಂ ಬೀಜದಲ್ಲಿ 3ರಿಂದ 6 ಗ್ರಾಂ ಎಂದೆನಲ್ಲ, 6 ಎಂದರೆ 3ರ ಎರಡು ಪಟ್ಟು. ಯಾವ ತಳಿ, ಯಾವ ಮಣ್ಣು, ಬೀಜ ಹುರಿದರೋ ಬೇಯಿಸಿದರೋ, ಎಲ್ಲದರ ಮೇಲೂ ಅದು ಬದಲಾಗುತ್ತದೆ. ಇವತ್ತಿನ ಚಮಚ ನಾಳಿನ ಚಮಚದ ಹಾಗಿರುವುದಿಲ್ಲ. ಪಾರ್ಕಿನ್ಸನ್‌ನಲ್ಲಿ ಅದು ದೊಡ್ಡ ಮಾತು. ಕಡಿಮೆಯಾದರೆ ಕೈಕಾಲು ಬಿಗಿಯುತ್ತದೆ, ಜಾಸ್ತಿಯಾದರೆ ಮೈ ತಾನಾಗಿ ತಿರುಚಿಕೊಳ್ಳುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಇಲ್ಲದ್ದು ಕಾಣಿಸುತ್ತದೆ.

ಎರಡನೆಯದು ಮಾತ್ರೆಯಲ್ಲಿ ಜೊತೆಗಿರುವ ಕಾರ್ಬಿಡೋಪಾ. ಬರೀ ಎಲ್-ಡೋಪಾ ನುಂಗಿದರೆ ಬಹುಪಾಲು ಮಿದುಳು ತಲುಪುವ ಮೊದಲೇ ದೇಹದಲ್ಲಿ ಡೋಪಮೈನ್ (ಪಾರ್ಕಿನ್ಸನ್‌ನಲ್ಲಿ ಮಿದುಳಿನೊಳಗೆ ಕೊರತೆಯಾಗುವ ವಸ್ತು) ಆಗಿಬಿಡುತ್ತದೆ. ಆಗ ವಾಕರಿಕೆ ಬರುತ್ತದೆ. 1913ರಲ್ಲಿ ಸ್ವಿಟ್ಜರ್‌ಲೆಂಡಿನ ಮಾರ್ಕುಸ್ ಗುಗ್ಗನ್‌ಹೈಮ್ ಬ್ರಾಡ್ ಬೀನ್ಸ್ ಕಾಳಿನಿಂದ ಎಲ್-ಡೋಪಾವನ್ನು ತೆಗೆದು ತಾವೇ 2.5 ಗ್ರಾಂ ತಿಂದು ಚೆನ್ನಾಗಿ ವಾಂತಿ ಮಾಡಿಕೊಂಡಿದ್ದರು. ಎಲ್-ಡೋಪಾ ಮಿದುಳಿನ ಹೊರಗೇ ಡೋಪಮೈನ್ ಆಗುವುದನ್ನು ಕಾರ್ಬಿಡೋಪಾ ತಡೆಯುತ್ತದೆ. ಆದ್ದರಿಂದ ಕಾಲು ಭಾಗದಷ್ಟು ಎಲ್-ಡೋಪಾ ಸಾಕಾಗುತ್ತದೆ. ನಿಮ್ಮ ತಂದೆಯವರು ಮಾತ್ರೆಯ ಜೊತೆ ಪುಡಿಯನ್ನೂ ತೆಗೆದುಕೊಂಡಾಗ ಪುಡಿಯಲ್ಲಿರುವುದಕ್ಕೂ ಈ ಕಾರ್ಬಿಡೋಪಾದ ಬಲ ಸಿಗುತ್ತದೆ. ಚಮಚದ ಲೆಕ್ಕ ಅಲ್ಲಿಗೆ ಪೂರ್ತಿ ತಪ್ಪುತ್ತದೆ.

ಹಾಗಂತ ಪುಡಿಯನ್ನು ನಾನು ತಳ್ಳಿಹಾಕುತ್ತಿಲ್ಲ. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. 30 ಗ್ರಾಂ ನಸುಗುನ್ನಿ ಪುಡಿ ಸುಮಾರು 35 ನಿಮಿಷದಲ್ಲಿ ಕೆಲಸ ಶುರು ಮಾಡಿತು, ಮಾತ್ರೆಗೆ ಸುಮಾರು 69 ನಿಮಿಷ ಬೇಕಾಯಿತು. 2017ರಲ್ಲಿ ಬೊಲಿವಿಯಾದ 18 ರೋಗಿಗಳ ಪರೀಕ್ಷೆಯ ಫಲಿತಾಂಶವೂ ಬಂತು. ಮಾತ್ರೆ ಕೊಳ್ಳಲಾಗದ ಬಡವರಿಗೆ ಹುರಿದ ಬೀಜದ ಪುಡಿ ಆಸರೆಯಾಗಬಹುದೇ ಎಂದು ನೋಡುವುದು ಅದರ ಉದ್ದೇಶ. ಅಲ್ಲಿ ಪುಡಿ ಚೆನ್ನಾಗಿಯೇ ಕೆಲಸ ಮಾಡಿತು. ಇವು ಸಣ್ಣ ಪರೀಕ್ಷೆಗಳು, ಆದರೆ ನನ್ನ ಮಟ್ಟಿಗೆ ತುಂಬಾ ಮುಖ್ಯವಾದವು. ಎರಡು ಕಡೆಯೂ ಪುಡಿಯನ್ನು ತೂಗಿ ಕೊಟ್ಟರು, ಪಕ್ಕದಲ್ಲಿ ಡಾಕ್ಟರು ಇದ್ದರು.

ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆ ನೋಡುವ ತಜ್ಞರಿದ್ದಾರೆ. ಹೋಗುವಾಗ ಪುಡಿಯ ಡಬ್ಬಿ, ನೀವು ಬಳಸುವ ಅದೇ ಚಮಚ, ಮಾತ್ರೆಯ ಚೀಟಿ, ಮೂರನ್ನೂ ತೆಗೆದುಕೊಂಡು ಹೋಗಿ. ಯಾವ ಹೊತ್ತಿಗೆ ಪುಡಿ, ಯಾವ ಹೊತ್ತಿಗೆ ಮಾತ್ರೆ, ಯಾವ ಹೊತ್ತಿಗೆ ಊಟ, ನಡುಕ ಯಾವಾಗ ಜಾಸ್ತಿ ಎಂದು ಹೋಗುವವರೆಗೆ ದಿನಾ ಬರೆದಿಟ್ಟುಕೊಳ್ಳಿ. ತಂದೆಯವರು ಹೇಗಿದ್ದಾರೆ ಎಂದು ನಮಗೂ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ